ಕಣದಲ್ಲೇ ತೂರಿದ್ದು

ಲಾಂಗ್‌ಮಾಂಟಿನಲ್ಲಿ ಮಾರ್ಚ್ ತಿಂಗಳ ಗಾಳಿ
ಬೆಟ್ಟದಿಂದಿಳಿದು ಪಾರ್ಕಿಂಗಿನ ತಗಡು ಬೋರ್ಡನ್ನು
ರಾತ್ರಿಯೆಲ್ಲ ಬಡಿಯುತ್ತದೆ.
ಲ್ಯಾಬಿನೊಳಗೆ ಮಾತ್ರ ಸದ್ದಿಲ್ಲ.
ಮೇಜಿನ ಮೇಲೆ ಅಂಗೈಯಗಲದ ಹಸಿರು ಹಲಗೆ,
ಪಕ್ಕದಲ್ಲೊಂದು ಮೀಟರು,
ಎದುರಿಗೆ ವೆಂಡೆಲ್ ಆಸ್ಟ್ರಾಂಡರ್,
ಮೂಗಿನ ತುದಿಗೆ ಕನ್ನಡಕ, ಜೇಬಿನಲ್ಲಿ ಉದ್ದನೆಯ ಸ್ಕ್ರೂಡ್ರೈವರ್.

ಡಿಸ್ಕುಗಳು ತಿರುಗುತ್ತಿದ್ದ ಕಾಲದಲ್ಲಿ
ಅದರ ತುದಿಯನ್ನು ಪೆಟ್ಟಿಗೆಗಿಟ್ಟು, ಹಿಡಿಯನ್ನು ಕಿವಿಗೊತ್ತಿ
ಹೇಳಿಬಿಡುತ್ತಿದ್ದನಂತೆ:
ಇದಕ್ಕೆ ಮೂರು ವಾರ. ಇದಕ್ಕೆ ಇವತ್ತೇ.
ನಾಡಿ ಹಿಡಿದ ವೈದ್ಯನೂ ಅಷ್ಟು ಖಂಡಿತ ಹೇಳಲಾರ.
ಫ್ಲಾಶ್ ಬಂತು, ತಿರುಗುವುದೆಲ್ಲ ನಿಂತಿತು,
ಅವನ ಕಿವಿಗೆ ಕೆಲಸ ತಪ್ಪಿತು.

ಇವತ್ತಿನ ಪರೀಕ್ಷೆ ಗೂಬೆಯದು.
ಪೂರ್ವದ ಹುಲ್ಲುಗಾವಲಿನ ಬಿಲಗಳಲ್ಲಿ ಬದುಕುವ
ಗೇಣುದ್ದದ ಗೂಬೆ; ಇದೆಯೋ ಇಲ್ಲವೋ, ಕಂಡವರಿಲ್ಲ.
ಬೇಲಿಗೂಟಕ್ಕೆ ಮೈಕು ಕಟ್ಟಿ ಹದಿನಾಲ್ಕು ತಿಂಗಳು
ಕೇಳಿಸಿಕೊಂಡದ್ದೆಲ್ಲ ಈ ಹಲಗೆಯೊಳಗಿದೆ:
ಗಾಳಿ, ಗಾಳಿ, ದೂರದ ಲಾರಿ, ಆಲಿಕಲ್ಲು,
ಮತ್ತೆ ಗಾಳಿ.

ಹಳೆಯ ಪದ್ಧತಿಯಲ್ಲಾದರೆ
ಕಣಜದಲ್ಲಿದ್ದದ್ದನ್ನೆಲ್ಲ ಹೊತ್ತು,
ತಂತಿಯ ಇಕ್ಕಟ್ಟು ಓಣಿಯಲ್ಲಿ ಸಾಲುಗಟ್ಟಿ,
ಆಚೆ ಕೂತ ಪ್ರೊಸೆಸರ್ ಯಜಮಾನರ ಮುಂದೆ ಸುರಿಯಬೇಕು.
ಅವರು ಮುಟ್ಟಿ, ಮೂಸಿ, ಬೇಡವೆಂದು ತಲೆಯಾಡಿಸುತ್ತಾರೆ.
ಲೆಕ್ಕಕ್ಕೆ ತಗಲುವುದು ಚಿಟಿಕೆ ಕರೆಂಟು,
ಹೊರುವುದಕ್ಕೆ ಕೊಡಗಟ್ಟಲೆ.
ದಣಿವು ಬಿಸಿಯಾಗಿ, ಬಿಸಿಗೆ ಫ್ಯಾನು,
ಫ್ಯಾನಿಗೆ ಮತ್ತೆ ಕರೆಂಟು.
ಬೆಟ್ಟ ಅಗೆದು ಇಲಿ ಹಿಡಿಯುವುದಾದರೂ ವಾಸಿ;
ಇದು ಬೆಟ್ಟವನ್ನೇ ಮನೆಗೆ ಹೊತ್ತು ತಂದು
ಇಲಿ ಇಲ್ಲವೆಂದು ವಾಪಸು ಕಳಿಸಿದ ಹಾಗೆ.

ನಾವು ಕಣದಲ್ಲೇ ತೂರಿದೆವು.
ನೆನಪಿನ ಪದರಗಳ ಮಗ್ಗುಲಿಗೆ, ಸಾಸಿವೆಯಷ್ಟು ಜಾಗದಲ್ಲಿ,
ಬುದ್ಧಿಯದೊಂದು ತುಣುಕು ಬೆಸೆದೆವು.
ಹೆಚ್ಚೇನೂ ಬಾರದು ಅದಕ್ಕೆ: ಗುಣಿಸು, ಕೂಡು, ಹೋಲಿಸು.
ಕಾಳು ಮನೆಗೆ ಬರಲಿ,
ಹೊಟ್ಟು ಇದ್ದಲ್ಲೇ ಇರಲಿ.

ಸ್ವಿಚ್ಚು ಒತ್ತಿದೆ. ಮೀಟರಿನ ಮುಳ್ಳು
ಒಮ್ಮೆ ತೇಗಿ, ಒಂಬತ್ತು ವ್ಯಾಟಿಗೆ ಬಂದು ಕೂತಿತು.
ವೆಂಡೆಲ್ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ತೆಗೆದ,
ಹಲಗೆಯ ಚೌಕಟ್ಟಿಗೆ ತಾಕಿಸಿ ಕಿವಿಗಿಟ್ಟ.
ಎದೆ ಧಸಕ್ಕೆಂದರೂ ನಾನು ತಡೆಯಲಿಲ್ಲ.
“ಏನೂ ಇಲ್ಲ.”
ಬೆರಳಿನ ಬೆನ್ನು ಮುಟ್ಟಿಸಿ,
“ಜ್ವರವೂ ಇಲ್ಲ.”
ದುಡಿದದ್ದಕ್ಕೊಂದು ಗುರುತು ಬೇಕಲ್ಲ ನಮಗೆ,
ಬೆವರೋ, ಏದುಸಿರೋ, ಹೋಗಲಿ ಒಂದು ಗೊಣಗಾಟವೋ.

ನಾಲ್ಕು ನಿಮಿಷ.
ಪರದೆಗೆ ಬಂದದ್ದು ಎರಡು ಸಾಲು:
ಜೂನ್ ಹತ್ತೊಂಬತ್ತು, ನಸುಕಿನ ಮೂರೂ ಇಪ್ಪತ್ತು.
ಅಲ್ಲಿಂದ ಹನ್ನೊಂದು ಸೆಕೆಂಡಿಗೆ ಇನ್ನೊಮ್ಮೆ.
ಕೂ… ಕೂಊ.
ಹದಿನಾಲ್ಕು ತಿಂಗಳಲ್ಲಿ ಎರಡೇ ಸಲ ಕರೆದಿತ್ತು,
ಓಗೊಟ್ಟವರಿಲ್ಲ.

“ಮತ್ತೆ ಗಾಳಿ?” ಕೇಳಿದ ವೆಂಡೆಲ್.
ಇದ್ದಲ್ಲೇ ಇದೆ, ಎಂದೆ. ನಾವು ಹೊತ್ತು ತರಲಿಲ್ಲ.
“ಯಾರೂ ಕೇಳುವುದಿಲ್ಲವೆ ಅದನ್ನು?”
ನಾನು ಕೇಬಲ್ಲು ಸುತ್ತತೊಡಗಿದೆ.

ಈ ಕೋಶಗಳ ಗುಣ ಅವನಿಗೂ ಗೊತ್ತು.
ಓದಿದರೆ ಅಷ್ಟಾಗಿ ಸವೆಯವು, ಬರೆದಷ್ಟೂ ಸವೆಯುತ್ತವೆ.
ಒಂದಕ್ಷರವನ್ನಷ್ಟೇ ಅಳಿಸುವಂತಿಲ್ಲ,
ಇಡೀ ಕೇರಿಯನ್ನೇ ಖಾಲಿ ಮಾಡಿಸಬೇಕು.
ನಾಳೆ ಹೊಸ ಪರೀಕ್ಷೆ, ಜಾಗ ಬೇಕು.
ಗೂಬೆಯ ಎರಡು ಕೂಗು ಬೇರೆ ಕಡೆ ಉಳಿಯುತ್ತವೆ;
ಗಾಳಿಯ ಕೇರಿಗಳೆಲ್ಲ ಒಂದೇ ಏಟಿಗೆ ಬಯಲು.

ಅವನು ಮೀಟರಿನ ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆದುಕೊಂಡ.
ಏಳು ಎಂದು ತಪ್ಪಾಗಿ ಬಿದ್ದದ್ದನ್ನು
ಅದೊಂದನ್ನೇ
ರಬ್ಬರಿನಿಂದ ಉಜ್ಜಿ, ಪುಡಿ ಊದಿ,
ಒಂಬತ್ತು ಮಾಡಿದ.

ಹೊರಗೆ ತಗಡು ಬಡಿಯುತ್ತಲೇ ಇತ್ತು.
ನಾನು ಕಾರಿನ ಬೀಗದಕೈ ಹುಡುಕುವಷ್ಟರಲ್ಲಿ
ಅವನು ಬೋರ್ಡಿನ ಕಂಬಕ್ಕೆ ಸ್ಕ್ರೂಡ್ರೈವರ್ ಒತ್ತಿ
ಟೋಪಿ ಸರಿಸಿ ಕಿವಿಗೊಟ್ಟು ನಿಂತಿದ್ದ,
ಬಹಳ ಹೊತ್ತು.
“ಇದಕ್ಕೆ ಮೂರು ವಾರ” ಎಂದ.